ಒಲೆ ಉರಿಯಲಿ, ಮಸಿ ಇರಲಿ

ನಮಸ್ಕಾರ. ಎಲ್ಲರೂ ಆರಾಮಾ? ಒಂದು ತಿಂಗಳಿಂದ ವಿಡಿಯೋ ಇಲ್ಲ, ಗೊತ್ತು. ಬೈಯಬೇಡಿ. ಮೇ ತಿಂಗಳು, ಮಕ್ಕಳಿಗೆ ರಜೆ. ಮನೆ ತುಂಬ ನೆಂಟರು, ಅಂಗಳ ತುಂಬ ಹಲಸಿನ ಹಪ್ಪಳ. ಇದರ ನಡುವೆ ನಾಲ್ಕು ಸಲ ಕಾರು ತುಂಬಿಕೊಂಡು ಊರೂರು ತಿರುಗಿ ಬಂದಿದ್ದೇವೆ. ಇವತ್ತು ಆ ತಿರುಗಾಟದ ಕಥೆ ಹೇಳೋಣ ಅಂತಲೇ ಕೂತಿದ್ದೆ. ಎಲ್ಲಿ ಹೋದೆವು, ಏನು ತಿಂದೆವು, ಎಲ್ಲ ಬರೆದಿಟ್ಟುಕೊಂಡಿದ್ದೆ. ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದೆ. ಆ ಚೀಟಿ ಮಡಚಿ ಪಕ್ಕಕ್ಕಿಟ್ಟೆ.

ಹಿಂದಿನ ವಿಡಿಯೋದಲ್ಲಿ ನಮ್ಮ ಬಚ್ಚಲೊಲೆ ತೋರಿಸಿದ್ದೆ, ನೆನಪಿದೆಯಲ್ಲ? ತಾಮ್ರದ ಹಂಡೆ, ಕೆಳಗೆ ಬೆಂಕಿ, ಮೇಲೆ ಮಸಿ ಹಿಡಿದ ಅಟ್ಟ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಮೇಡಂ, ನೂರು ವರ್ಷದ ತೊಟ್ಟಿಮನೆಯಲ್ಲಿ ಬೆಂಕಿ ಹಾಕಿ ಹಾಳು ಮಾಡ್ತಿದ್ದೀರಲ್ಲ. ಒಳ್ಳೆ ಪಾಲಿಶ್ ಹೊಡೆಸಿ ಬೀಗ ಹಾಕಿಡಿ. ಮುಂದಿನವರಿಗಾದ್ರೂ ಉಳಿಯುತ್ತೆ." ಅದಕ್ಕೆ ನಲವತ್ತಕ್ಕೂ ಜಾಸ್ತಿ ಲೈಕು. ಅದರಲ್ಲಿ ಒಂದು ನಮ್ಮ ಮೈದುನನದ್ದು! ಅವನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಬೀಗ ಹಾಕಿಟ್ಟರೆ ಮನೆ ಉಳಿಯುತ್ತದಂತೆ. ಸ್ವಾಮಿ, ಮಲೆನಾಡಿನ ಹಳೇ ಮನೆ ಉಳಿಯುವುದು ಒಲೆ ಉರಿದರೆ ಮಾತ್ರ. ಇವತ್ತು ಇದೊಂದೇ ಮಾತು ಹೇಳುತ್ತೇನೆ. ಬೇರೇನಾದರೂ ಕೇಳಬೇಕು ಅಂತಿದ್ದರೆ ಹಪ್ಪಳದ ವಿಡಿಯೋ ಇದೆ, ನೋಡಿ. ಅದರಲ್ಲಿ ನಾನು ಬಹಳ ಸಮಾಧಾನದಿಂದ ಮಾತಾಡಿದ್ದೇನೆ.

ಮೊದಲು ಮನೆಯನ್ನೇ ತೋರಿಸುತ್ತೇನೆ. ಕ್ಯಾಮೆರಾ ಸ್ವಲ್ಪ ಮೇಲೆತ್ತಪ್ಪಾ. ಇದು ಬಚ್ಚಲಿನ ಮೇಲಿನ ಪಕಾಸಿ, ಇದು ರೀಪು, ಹಂಚು ಹೊರುವ ಮರಗಳು. ಟಾರು ಬಳಿದ ಹಾಗೆ ಕಪ್ಪಗಿದೆ. ಬೆರಳಿಟ್ಟರೆ ನುಣ್ಣಗಿದೆ. ಎಲ್ಲಾದರೂ ಒಂದು ತೂತು ಕಾಣುತ್ತದಾ? ಇಲ್ಲ. ಈಗ ಜಗಲಿಯ ಆಚೆ ತುದಿಯ ಕೋಣೆಗೆ ಬನ್ನಿ. ಇಲ್ಲಿವರೆಗೆ ಹೊಗೆ ಬರುವುದಿಲ್ಲ. ತೊಲೆಯ ಕೆಳಗೆ ನೋಡಿ, ನೆಲದ ಮೇಲೆ ಹಿಟ್ಟು ಬಿದ್ದಿದೆ. ಅಕ್ಕಿ ಹಿಟ್ಟಲ್ಲ, ಮರದ ಹಿಟ್ಟು. ಬೆಳಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಒಂದು ಚಿಟಿಕೆ. ಕುಟ್ಟೆ ಹುಳ ಒಳಗೆ ಕೂತು ಕೊರೆಯುತ್ತಿದೆ. ಒಂದೇ ಮನೆ, ಒಂದೇ ಕಾಡಿನ ನಾಟಾ, ಒಬ್ಬನೇ ಆಚಾರಿ ಕೆತ್ತಿದ್ದು. ಅಲ್ಲಿ ಹೊಗೆ ಇತ್ತು, ಇಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ.

ಹೊಗೆ ಏನು ಮಾಡುತ್ತದೆ? ಮರವನ್ನು ಒಣಗಿಸುತ್ತದೆ. ಅದರ ಜಿಡ್ಡು ಮರದ ಮೇಲೆ ಕೂತು ಹುಳಕ್ಕೂ ಬೂಸ್ಟಿಗೂ ಬೇಡವಾಗುವ ಹಾಗೆ ಮಾಡುತ್ತದೆ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೆ ಜುಲೈಯಲ್ಲಿ ಉಪ್ಪಿನ ಡಬ್ಬಿಯೊಳಗೆ ಉಪ್ಪು ಹುಡುಕಬೇಕು, ನೀರೇ ಇರುತ್ತದೆ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು. ಅಂಥ ಮಳೆಗಾಲದಲ್ಲೂ ಬಚ್ಚಲ ಅಟ್ಟದ ಮೇಲೆ ಉಪ್ಪಾಗೆ ಹಣ್ಣಿನ ಸಿಪ್ಪೆ ಗರಿಗರಿಯಾಗಿ ಒಣಗುತ್ತದೆ. ಪಾಲಿಶ್ ಡಬ್ಬಿಯ ಮೇಲೆ ಸಿಪ್ಪೆ ಒಣಗಿಸಿ ತೋರಿಸಿ ನೋಡೋಣ.

ಬೀಗದ ಮಾತು ಬಂತಲ್ಲ, ಬೀಗದ ಕಥೆ ಕೇಳಿ. ನಮ್ಮ ತೋಟದಾಚೆ ದಾಯಾದಿಗಳ ಮನೆ ಇತ್ತು. ನಮ್ಮದಕ್ಕಿಂತ ದೊಡ್ಡದು, ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಮದುವೆ ಊಟ ಹಾಕಬಹುದಿತ್ತು. ಅಜ್ಜಿ ಹೋದ ಮೇಲೆ ಮಕ್ಕಳು ಬೀಗ ಹಾಕಿ ಪೇಟೆ ಸೇರಿದರು. ಒಳ್ಳೆಯ ಬೀಗ, ಹಿತ್ತಾಳೆಯದ್ದು. ಮೊದಲ ಮಳೆಗಾಲಕ್ಕೆ ಒಂದು ಹಂಚು ಜಾರಿತು. ಒಂದೇ ಒಂದು. ಮನೆಯೊಳಗೆ ಜನ ಇದ್ದಿದ್ದರೆ ಹಣೆ ಮೇಲೆ ಹನಿ ಬೀಳುತ್ತಿತ್ತು, ಬೈದುಕೊಂಡು ಎದ್ದು ಪಾತ್ರೆ ಇಡುತ್ತಿದ್ದರು, ಬೆಳಗ್ಗೆ ಏಣಿ ಹಾಕುತ್ತಿದ್ದರು. ಯಾರೂ ಇರಲಿಲ್ಲ. ನೀರು ಗೋಡೆಗೆ ಇಳಿಯಿತು. ಮಣ್ಣಿನ ಗೋಡೆ, ಕುಡಿದೇ ಕುಡಿಯಿತು. ಮೂರನೇ ಮಳೆಗಾಲದ ಒಂದು ರಾತ್ರಿ ಧಡ್ ಅಂತ ಶಬ್ದ, ನಾವು ಇಲ್ಲಿ ಎದ್ದು ಕೂತೆವು. ಆಮೇಲೆ ನಾಟಾ ವ್ಯಾಪಾರಿ ಬಂದ. ಮುಂಡಿಗೆಗಳು, ಅಂದರೆ ಮರದ ಕಂಬಗಳು, ಲಾರಿ ಹತ್ತಿದವು. ಬಾಗಿಲು ಕೂಡ ಹೋಯಿತು, ಬೀಗದ ಸಮೇತ.

ಈಗ ತಿರುಗಾಟ. ಇದಕ್ಕೂ ಸಂಬಂಧ ಇದೆ, ಸುಮ್ನೆ ಹೇಳುತ್ತಿಲ್ಲ.

ಮೊದಲ ವಾರ ಕವಲೇದುರ್ಗ. ತೀರ್ಥಹಳ್ಳಿ ತಾಲ್ಲೂಕು, ಕೆಳದಿ ಅರಸರ ಕೋಟೆ. ಬಿಸಿಲಲ್ಲಿ ಮಕ್ಕಳನ್ನು ಹತ್ತಿಸುವಷ್ಟರಲ್ಲಿ ನನ್ನ ಮಂಡಿ ಎರಡೂ ರಾಜೀನಾಮೆ ಕೊಟ್ಟವು. ಮೇಲೆ ಅರಮನೆಯ ಜಾಗದಲ್ಲಿ ತಳಪಾಯ ಉಳಿದಿದೆ. ಸ್ನಾನದ ಜಾಗ, ನೀರು ಹರಿದುಹೋಗುವ ದಾರಿ ಎಲ್ಲ ಗೊತ್ತಾಗುತ್ತದೆ. ಅಡುಗೆಮನೆಯಲ್ಲಿ ಐದು ಬಾಯಿಯ ಕಲ್ಲಿನ ಒಲೆ ಇದೆ. ಎಷ್ಟು ಚಂದ ಗೊತ್ತಾ! ಅನ್ನಕ್ಕೊಂದು, ಸಾರಿಗೊಂದು, ಹಾಲಿಗೊಂದು ಅಂತ ನಾನು ಲೆಕ್ಕ ಹಾಕುತ್ತ ನಿಂತಿದ್ದೆ. ಪಕ್ಕದಲ್ಲಿ ಮಗಳು, "ಅಮ್ಮಾ, ಒಲೆ ಇದೆಯಲ್ಲ, ಹಾಗಾದ್ರೆ ಮನೆ ಯಾಕೆ ಉಳಿದಿಲ್ಲ?" ಅಂದಳು.

ಒಳ್ಳೆಯ ಪ್ರಶ್ನೆ. ಒಲೆ ಇದ್ದರೆ ಸಾಕು ಅಂತ ನಾನು ಹೇಳಲೇ ಇಲ್ಲ. ಉರಿಯಬೇಕು ಅಂದೆ. ಉರಿ ನಿಂತಿತು, ಮನೆ ಹೋಯಿತು. ಅವಳು, "ಯುದ್ಧ ಆಗಿ ಹೋಗಿದ್ದಲ್ವಾ?" ಅಂದಳು. ನೀರು ಕುಡಿ, ಬಿಸಿಲು ಜಾಸ್ತಿ ಅಂದೆ.

ಎರಡನೇ ವಾರ ಕುಪ್ಪಳಿ. ಕುವೆಂಪು ಅವರ ಕವಿಮನೆ. ಮೂರು ಅಂತಸ್ತಿನ ತೊಟ್ಟಿಮನೆ. ಮುಂಡಿಗೆ, ಕಣಜ, ಅಂಗಳ, ಒಪ್ಪ ಓರಣವಾಗಿ ಇಟ್ಟಿದ್ದಾರೆ. ಅಲ್ಲಿಂದ ಕವಿಶೈಲಕ್ಕೆ ಹತ್ತಿದೆವು. ಸಂಜೆ ಗಾಳಿ, ಮಕ್ಕಳು ಕೂಡ ಹತ್ತು ನಿಮಿಷ ಸುಮ್ಮನಿದ್ದರು, ಅದೇ ಒಂದು ಪವಾಡ. ಕಾಮೆಂಟ್ ಹಾಕಿದವರು ಕೇಳಬಹುದು, ಅದು ಮ್ಯೂಸಿಯಂ ಆಗಿ ಉಳಿದಿದೆಯಲ್ಲ ಅಂತ. ಉಳಿದಿದೆ. ನೋಡಿಕೊಳ್ಳಲು ಪ್ರತಿಷ್ಠಾನ ಇದೆ, ಸಿಬ್ಬಂದಿ ಇದ್ದಾರೆ, ನಾಡಿಗೇ ಬೇಕಾದ ಮನೆ ಅದು. ನಮ್ಮ ಮನೆಯಲ್ಲಿ ಯಾರು ಬೆಳೆದಿದ್ದಾರೆ? ನಮ್ಮ ಮೈದುನ ಬೆಳೆದಿದ್ದಾನೆ. ಅವನ ಹೆಸರಲ್ಲಿ ಯಾರಾದರೂ ಪ್ರತಿಷ್ಠಾನ ಮಾಡುತ್ತಾರಾ?

ನಮ್ಮಂಥವರ ಮನೆಗೆ ಇರುವ ಕಾವಲುಗಾರ ಒಲೆ ಒಂದೇ. ಬರೆದಿಟ್ಟುಕೊಳ್ಳಿ.

ಮೂರನೇ ವಾರ ಘಟ್ಟ ಇಳಿದು ಮಣಿಪಾಲ. ಅಲ್ಲಿನ ಹೆರಿಟೇಜ್ ವಿಲೇಜ್ ನೋಡಲೇಬೇಕಾದ ಜಾಗ. ವಿಜಯನಾಥ ಶೆಣೈ ಅನ್ನುವವರು ಬೇರೆ ಬೇರೆ ಊರುಗಳ ಹಳೇ ಮನೆಗಳನ್ನು ಬಿಡಿಬಿಡಿಯಾಗಿ ಕಳಚಿ ತರಿಸಿ, ಅಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಬೀದರಿನಿಂದ ಕೂಡ ತಂದಿದ್ದಾರೆ. ಇಲ್ಲದಿದ್ದರೆ ಅವೆಲ್ಲ ನಾಟಾ ಆಗಿ ಹೋಗುತ್ತಿದ್ದವು. ನಾನು ಕೈ ಮುಗಿದೆ. ನಿಜವಾಗಿ ಮುಗಿದೆ. ಆದರೆ ಮೂಗು ಸುಮ್ಮನಿರಬೇಕಲ್ಲ! ಹಳೇ ಮನೆಯೊಳಗೆ ಕಾಲಿಟ್ಟ ತಕ್ಷಣ ಹೊಗೆ, ಒಣಗಿದ ಅಡಿಕೆ, ಕಾಯಿಸಿದ ಮಜ್ಜಿಗೆ, ಎಲ್ಲ ಸೇರಿದ ಒಂದು ವಾಸನೆ ಬರುತ್ತದಲ್ಲ, ಅದು ಅಲ್ಲಿ ಬರಲಿಲ್ಲ. ವಾಸನೆಯನ್ನು ಕಳಚಿ ತರಲು ಬರುವುದಿಲ್ಲ.

ಜೋಗಕ್ಕೂ ಹೋದೆವು. 253 ಮೀಟರ್ ಬಂಡೆ ನೋಡಿ ಬಂದೆವು. ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜೆಯಲ್ಲಿರುತ್ತಾರೆ. ಅಷ್ಟೇ.

ಅಲ್ಲಿಂದ ಸಿಗಂದೂರು. ಮಕ್ಕಳಿಗೆ ಲಾಂಚಿನ ಆಸೆ ಇತ್ತು, ಈಗ ಶರಾವತಿ ಹಿನ್ನೀರಿಗೆ ಸೇತುವೆ ಆಗಿದೆ. 2025ರ ಜುಲೈಯಲ್ಲಿ ಉದ್ಘಾಟನೆ ಆಯಿತು. ಮೊದಲು ಲಾಂಚಿಗೆ ಸಾಲು ನಿಂತು ಅರ್ಧ ದಿನ ಹೋಗುತ್ತಿತ್ತು, ಈಗ ಒಂದು ಹಾಡು ಮುಗಿಯುವಷ್ಟರಲ್ಲಿ ಆಚೆ ದಡ. ಸೇತುವೆ ಮೇಲೆ ಅತ್ತೆ ಕಿಟಕಿ ಇಳಿಸಿ ಕೆಳಗೆ ನೋಡುತ್ತಿದ್ದರು. ಅತ್ತೆಯ ತವರು ಈ ಹಿನ್ನೀರಿನಲ್ಲೇ ಮುಳುಗಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರು ಸಣ್ಣ ಹುಡುಗಿ. ಮನೆ ಬಿಚ್ಚಿ ಬಾಗಿಲು, ಮುಂಡಿಗೆ ಎಲ್ಲ ಗಾಡಿಗೆ ಹೇರಿಕೊಂಡು ಬಂದರಂತೆ. "ಒಲೆ ಮಾತ್ರ ಅಲ್ಲೇ ಬಿಟ್ವಿ ಕಣೇ, ಮಣ್ಣಿಂದಲ್ವಾ. ಹೊರಡೋ ದಿನ ಅಮ್ಮ ಅದಕ್ಕೆ ಸಗಣಿ ಸಾರಿಸಿ, ರಂಗೋಲಿ ಹಾಕಿ ಬಂದ್ಲು" ಅಂದರು. ನಾನು ಮೊಬೈಲ್ ಎತ್ತಿದೆ, ವಿಡಿಯೋಗೆ. ಅತ್ತೆ ಕಿಟಕಿ ಏರಿಸಿದರು.

ಆಯ್ತು. ಮಧ್ಯೆ ಒಂದು ಮಾತು. ಈ ಸಲದ ಹಲಸಿನ ಹಪ್ಪಳ ರೆಡಿ ಇದೆ. ಉಪ್ಪು, ಖಾರ, ಜೀರಿಗೆ, ಬೇರೇನಿಲ್ಲ. ಬೇಕಾದವರು ಮೆಸೇಜ್ ಮಾಡಿ. ಒಂದು ಸಂಜೆ ಮಳೆ ಬಂದು ಮುನ್ನೂರು ಹಪ್ಪಳ ಅಂಗಳದಲ್ಲೇ ತೇಲಿದವು, ಹಾಗಾಗಿ ಸ್ಟಾಕ್ ಕಡಿಮೆ. ಸಬ್‌ಸ್ಕ್ರೈಬ್ ಮಾಡದೇ ಇದ್ದವರು ಈಗಲೇ ಮಾಡಿ. ಸಬ್‌ಸ್ಕ್ರೈಬ್ ಮಾಡಿದವರ ಮನೆಗೆ ಗೆದ್ದಲು ಬರುವುದಿಲ್ಲ, ನನ್ನ ಗ್ಯಾರಂಟಿ.

ಎಲ್ಲಿದ್ದೆ? ಹಾಂ, ಒಲೆ.

ಹೊಗೆ ಆರೋಗ್ಯಕ್ಕೆ ಕೆಟ್ಟದ್ದು ಅಂತ ಇನ್ನೊಬ್ಬರು ಬರೆದಿದ್ದಾರೆ. ಗೊತ್ತು ಮಾರಾಯ್ರೇ. ಅದಕ್ಕೇ ಅಡುಗೆ ಗ್ಯಾಸಿನಲ್ಲಿ ಮಾಡುತ್ತೇವೆ. ಬಚ್ಚಲೊಲೆಯ ಮುಂದೆ ಇಡೀ ದಿನ ಯಾರು ಕೂರುತ್ತಾರೆ? ಬೆಂಕಿ ಹಾಕುವುದು, ಎದ್ದು ಬರುವುದು. ಕಾಡು ಹಾಳು ಅಂದರು ಮತ್ತೊಬ್ಬರು. ಉರಿಸುವುದು ಬಿದ್ದ ಸೋಗೆ, ಅಡಿಕೆ ಹಾಳೆ, ತೆಂಗಿನ ಮಟ್ಟೆ. ಅದನ್ನೇನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬೇಕಾ?

ಇನ್ನೊಬ್ಬ ಇತಿಹಾಸಕಾರರು, 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಯಿಂದಲೇ ಸುಟ್ಟಿದ್ದಲ್ವಾ ಅಂತ ಕೇಳಿದ್ದಾರೆ. ಹೌದು. ಅದು ರಾಜಕುಮಾರಿಯ ಮದುವೆ ಸಮಯ. ನಾವಿಲ್ಲಿ ಬರೀ ಸ್ನಾನಕ್ಕೆ ನೀರು ಕಾಯಿಸುತ್ತಿದ್ದೇವೆ. ಸುಟ್ಟ ಮೇಲೆ ಅವರು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಂದ ನಕ್ಷೆ ಮಾಡಿಸಿದರು. 1912ಕ್ಕೆ ಹೊಸ ಅರಮನೆ ಮುಗಿಯಿತು. ನಮ್ಮದು ಸುಟ್ಟರೆ ಮೈದುನ ಬರುತ್ತಾನೆ, ಕಾಂಕ್ರೀಟ್ ಕಲಸಿಕೊಂಡು.

ಈಗ ಅವನ ವಿಚಾರ. ಹೋದ ವರ್ಷ ಬಂದವನು, "ಅತ್ತಿಗೆ, ಈ ಕಾಲದಲ್ಲೂ ಒಲೆ ಊದ್ತೀರಲ್ಲ" ಅಂತ ಬಚ್ಚಲಿಗೆ ಗೀಸರ್ ಹಾಕಿಸಿ ಹೋದ. ಪ್ರೀತಿಯಿಂದಲೇ ಹಾಕಿಸಿದ, ಬೇಡ ಅನ್ನಲಾಗಲಿಲ್ಲ. ಅದು ನೆಂಟರಿಗೆ ಮಾತ್ರ ಅಂತ ಮನೆಯಲ್ಲಿ ಕಾನೂನು ಮಾಡಿದ್ದೇನೆ. ಗೀಸರ್ ಏನು ಮಾಡುತ್ತದೆ? ನೀರು ಕಾಯಿಸುತ್ತದೆ. ಅಷ್ಟೇ! ಪಕಾಸಿ ಕಾಯಿಸುತ್ತದಾ? ಉಪ್ಪಾಗೆ ಒಣಗಿಸುತ್ತದಾ? ಮಳೆಗಾಲದಲ್ಲಿ ಬೆಕ್ಕು ಬಂದು ಗೀಸರ್ ಪಕ್ಕ ಮಲಗುತ್ತದಾ? ಬೆಕ್ಕಿಗೆ ಗೊತ್ತಿರುವುದು ನಲವತ್ತು ಜನಕ್ಕೆ ಗೊತ್ತಿಲ್ಲ. ಒಲೆ ಉರಿಯಬೇಕು. ಯಾಕೆ ಅಂದರೆ... ಯಾಕೆ ಅಂತ ಆಗಲೇ ಹೇಳಿದೆನಲ್ಲ. ಹಿಂದಕ್ಕೆ ಹೋಗಿ ನೋಡಿಕೊಳ್ಳಿ. ನಮ್ಮ ಅಜ್ಜಯ್ಯ ಉರಿಸಿದರು, ಮಾವ ಉರಿಸಿದರು, ನಾನು ಉರಿಸುತ್ತೇನೆ, ನನ್ನ ಮಕ್ಕಳೂ ಉರಿಸುತ್ತಾರೆ. ಪಾಲಿಶ್ ಬೇಕಾದವರು ಅವರವರ ಶೂಗೆ ಹಾಕಿಕೊಳ್ಳಲಿ.

ಮುಂದಿನ ವಾರ ಹಂಚು ಕೈಯಾಡಿಸುವವರು ಬರುತ್ತಾರೆ, ಮಳೆ ಹಿಡಿಯುವುದರೊಳಗೆ ಆಗಬೇಕು. ಅದನ್ನು ಪೂರ್ತಿ ಶೂಟ್ ಮಾಡಿ ಹಾಕುತ್ತೇನೆ. ಬೆಳಗ್ಗೆ ಮೆತ್ತಿನ ಮೇಲೆ ನಿಂತು ಎಲ್ಲೆಲ್ಲಿ ಬಿಸಿಲುಕೋಲು ಇಳಿಯುತ್ತದೆ ಅಂತ ನೋಡಿ, ಆ ಜಾಗಕ್ಕೆ ಸುಣ್ಣದ ಗುರುತು ಹಾಕುವುದು ಮಕ್ಕಳ ಕೆಲಸ. ಈ ಸಲ ಹನ್ನೊಂದು...

ಒಂದ್ನಿಮಿಷ. ಬಚ್ಚಲಲ್ಲಿ ಯಾರಿದ್ದೀರಿ? ಮಗನೇ? ಸ್ನಾನವಾ? ಒಲೆಗೆ ಬೆಂಕಿ ಹಾಕಿದ್ದು ಯಾರು? ಹಾಕಿಲ್ವಾ? ಮತ್ತೆ ಬಿಸಿನೀರು ಎಲ್ಲಿಂದ ಬರ್ತಿದೆ?

ರೆಕಾರ್ಡಿಂಗ್ ನಿಲ್ಲಿಸಪ್ಪಾ. ನಿಲ್ಲಿಸು ಅಂದೆ.