ಟ್ವೆಂಟಿ-ಟೂಗೆ ಜೋರು ಬ್ಯಾಡ್ರಿ, ಒಂದೇ ವೇಗ ಬೇಕು

ನಮಸ್ಕಾರ್ರೀ. ಹೋದ ವಿಡಿಯೋ ಕೆಳಗ ಒಬ್ಬರು ಬರದಾರ: "200 ಮೀಟರ್ ಹೊಡೀಬೇಕಂದ್ರ ಹೈ ವೆಲಾಸಿಟಿ ಕಾಡತೂಸು ತಗೋರಿ, ನಿಧಾನದ್ದು ಅರ್ಧ ದಾರ್ಯಾಗ ಬೀಳತೈತಿ." ಅದಕ್ಕ ಲೈಕಿನ ಮ್ಯಾಲ ಲೈಕು. ಇದು ತಪ್ಪರೀ. ಪೂರ್ತಿ ತಪ್ಪು. ಟ್ವೆಂಟಿ-ಟೂ (.22 ಇಂಚಿನ ಸಣ್ಣ ನಳಿಗಿ) ಬೋಲ್ಟ್ ಆಕ್ಷನ್ ರೈಫಲಿಗೆ, ಅಂದ್ರ ಪ್ರತಿ ಗುಂಡಿಗೆ ಕೈಲೆ ಬೋಲ್ಟ್ ಎಳದು ಮುಚ್ಚೂ ರೈಫಲಿಗೆ, ಜೋರು ಬೇಕಾಗಿಲ್ಲ, ಗುಂಡಿಂದ ಗುಂಡಿಗೆ ಒಂದೇ ವೇಗ ಬೇಕು.

ಲೆಕ್ಕ ನೋಡ್ರಿ. 40 ಗ್ರೇನಿನ ಗುಂಡು, ಅಂದ್ರ 2.6 ಗ್ರಾಮ್ ಸೀಸ. ಸ್ಟ್ಯಾಂಡರ್ಡ್ ಕಾಡತೂಸಿನಾಗ ನಳಿಗಿ ಬಿಡುವಾಗ ಸೆಕೆಂಡಿಗೆ 325-330 ಮೀಟರ್. ಹೈ ವೆಲಾಸಿಟಿದಾಗ 380ರ ಸುತ್ತ. ಶಬ್ದದ ವೇಗ 15 ಡಿಗ್ರಿಗೆ 340, ವಿಜಯಪುರದ 40 ಡಿಗ್ರಿ ಬಿಸಲಾಗ 355. ಜೋರಿನ ಗುಂಡು ಶಬ್ದಕ್ಕಿಂತ ಮುಂದ ಹೊಂಟು, 100 ಮೀಟರ್ ಮುಟ್ಟೂದ್ರೊಳಗ ಶಬ್ದಕ್ಕಿಂತ ಹಿಂದ ಬೀಳತೈತಿ. ಹಂಗ ದಾಟುವಾಗ ಮೈಮ್ಯಾಲಿನ ಒತ್ತಡ ಏರುಪೇರಾಗಿ, ಸುತ್ತು ಕಮ್ಮಿ ಆದ ಬುಗುರಿ ಹಂಗ ಓಲಾಡತೈತಿ. ನಿಧಾನದ್ದಕ್ಕ ಆ ಗಂಡಾಂತರನ ಇಲ್ಲ.

"ಗಾಳಿ ಕಡಿಮಿ ತಿಂತೈತಿ ಅಲ್ರೀ ಜೋರಿನದು?" ಇಲ್ಲರೀ, ಹೆಚ್ಚು ತಿಂತೈತಿ! ಗಾಳಿ ಎಷ್ಟು ದೂಡತೈತಿ ಅನ್ನೂದು ಗುಂಡು ಹಾದ್ಯಾಗ ಎಷ್ಟು ವೇಗ ಕಳಕೊಳ್ತೈತಿ ಅನ್ನೂದರ ಮ್ಯಾಲ ಐತಿ. ಶಬ್ದಕ್ಕಿಂತ ಮುಂದಿದ್ದದ್ದು ಭಾಳ ಕಳಕೊಳ್ತೈತಿ. ಅದಕ್ಕ 100 ಮೀಟರಿನಾಗ ಹೈ ವೆಲಾಸಿಟಿನ ಹೆಚ್ಚು ಬದಿಗೆ ಸರೀತೈತಿ. ಬೆಳಗಾವಿ ಮಳಿಗಾಲದ ಪಡುವಣ ಗಾಳ್ಯಾಗ ಹೊಡದು ನೋಡ್ರಿ, ಟಾರ್ಗೆಟ್ಟಿನ ಹಾಳಿನ ಹೇಳತೈತಿ.

ಇನ್ನ ಬೀಳೂ ಮಾತು. ನಿಧಾನದ್ದು ಬೀಳತೈತಿ, ಹೌದು. 50 ಮೀಟರಿಗೆ ಝೀರೋ ಮಾಡಿದ್ರ, ಅಂದ್ರ ಅಲ್ಲೆ ಗುರಿ ಇಟ್ಟಲ್ಲೇ ಗುಂಡು ತಾಗೂ ಹಂಗ ಸ್ಕೋಪ್ (ರೈಫಲ್ ಮ್ಯಾಲಿನ ದುರ್ಬೀನ್) ಹೊಂದಿಸಿದ್ರ, 200ರಾಗ ಸುಮಾರು ಒಂದೂವರೆ ಮೀಟರ್ ಕೆಳಗ, ಏಳೆಂಟು ಮಿಲ್ (100 ಮೀಟರಿಗೆ 10 ಸೆಂಟಿಮೀಟರ್ ಅಂದ್ರ ಒಂದು ಮಿಲ್). ಸ್ಕೋಪಿನಾಗ ಅಷ್ಟು ಏರಿಸಾಕ ಜಾಗಾ ಸಾಲದಿದ್ರ ಸ್ಕೋಪಿನ ಕೆಳಗ 20 ಎಂಓಎ (ಇದೂ ಮಿಲ್ ಹಂಗ ಕೋನದ ಅಳತಿ) ಇಳಿಜಾರಿನ ರೈಲು ಹಾಕ್ರಿ, ಹತ್ತಿರತ್ತಿರ ಆರು ಮಿಲ್ ಸಿಗತೈತಿ. ಬೀಳೂದು ಗೊತ್ತಿದ್ರ ಕ್ಲಿಕ್ಕು ತಿರುಗಿಸಿ ಮುಗಿಸಬಹುದು. ಗೊತ್ತಿಲ್ಲದಂಗ ಬೀಳೂದಕ್ಕ ಔಷಧ ಇಲ್ಲ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನ ಇದ್ರ, 50ರಾಗ ಒಂದು ಸೆಂಟಿಮೀಟರೂ ಕಾಣೂದಿಲ್ಲ. 200ರಾಗ 10 ಸೆಂಟಿಮೀಟರ್ ಕೆಳಗ! "ನನ್ನ ರೈಫಲ್ 50ರಾಗ ಒಂದ ತೂತು ಹಾಕತೈತಿ" ಅಂತ ಮೀಸಿ ತಿರುವಾವರು ಇಲ್ಲೇ ಸಿಕ್ಕೊಳ್ತಾರ.

ಟ್ವೆಂಟಿ-ಟೂ ಕಾಡತೂಸಿನ ಕಿಡಿ ಮದ್ದು ಅಂಚಿನಾಗ ಇರತೈತಿ, ಮನ್ಯಾಗ ಮತ್ತ ತುಂಬಾಕ ಬರೂದಿಲ್ಲ. ಹಿಂಗಾಗಿ ಕಾರ್ಖಾನಿ ಏನ ಕೊಟ್ಟೈತಿ ಅದ. ಡಬ್ಬಿ ಮ್ಯಾಲಿನ ಲಾಟ್ ನಂಬರ್ ಓದ್ರಿ, ಲಾಟ್ ಅಂದ್ರ ಒಂದ ಸಲಕ್ಕ ಒಟ್ಟಿಗೆ ತಯಾರಾದ ಸರಕು. ಬ್ಯಾರೆ ಬ್ಯಾರೆ ಲಾಟಿನ ಒಂದೊಂದ ಡಬ್ಬಿ ತರ್ರಿ. ಬ್ರ್ಯಾಂಡ್ ಬದಲಾದ ಕೂಡಲೆ ಮೊದಲ 15-20 ಗುಂಡು ಲೆಕ್ಕಕ್ಕ ಹಿಡೀಬ್ಯಾಡ್ರಿ, ನಳಿಗ್ಯಾಗ ಹೊಸ ಗುಂಡಿನ ಮೈಗೆ ಹಚ್ಚಿದ ಮೇಣ ಕೂಡಬೇಕು. ಆಮ್ಯಾಲ 50ರಾಗ ಐದೈದು ಗುಂಡಿನ ಗುಂಪು, ನಂತರ 100 ದಾಟಿಸಿ ಬರೇ ಮ್ಯಾಲ-ಕೆಳಗಿನ ಹರವು ನೋಡ್ರಿ. ಕಮ್ಮಿ ಹರವು ಬಂದ ಲಾಟನ್ನ ಲೈಸೆನ್ಸಿನಾಗ ಎಷ್ಟು ಕೊಡತಾರೋ ಅಷ್ಟು ಒಮ್ಮೆಲೆ ತಗೋರಿ. ಹರವು ಒಮ್ಮಿಂದೊಮ್ಮೆ ಹೆಚ್ಚಾತು ಅಂದ್ರ ಸ್ಟಾಕಿನ (ರೈಫಲಿನ ಹಿಡಿ) ಸ್ಕ್ರೂ ಸಡಿಲೇನು, ಚೇಂಬರಿನ (ಕಾಡತೂಸು ಕೂಡೂ ಜಾಗಾ) ಬಾಯಾಗ ಮಸಿ ಉಂಗುರ ಕಟ್ಟೇತೇನು, ಅದನ್ನ ಮೊದಲ ನೋಡ್ರಿ.

"ಅಷ್ಟೆಲ್ಲಾ ಯಾಕ್ರೀ, ಸ್ಕೋಪ್ ದೊಡ್ಡದು ಹಾಕ್ರಿ" ಅಂತಾರ. ಸ್ಕೋಪ್ ಗುಂಡಿನ ವೇಗ ತಿದ್ದತೈತೇನ್ರೀ? ಇಲ್ಲೇ ಬಾಜೂಕ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಾಗ 50 ಮೀಟರ್ ದೂರ ಮೊಣಕಾಲೂರಿ, ಮಕ್ಕೊಂಡು, ನಿಂತು ಹೊಡಿಯೂ ತ್ರೀ ಪೊಸಿಷನ್‌ದಾಗ ಕಂಚು ತಂದ. ಆ ಟಾರ್ಗೆಟ್ಟಿನ ಹತ್ತರ ಉಂಗುರ 10.4 ಮಿಲಿಮೀಟರ್, ರೈಫಲಿಗೆ ದುರ್ಬೀನ್ ಇಲ್ಲ! ಮ್ಯಾಚಿನ ಕಾಡತೂಸು ಎಲ್ಲಾ ಶಬ್ದಕ್ಕಿಂತ ನಿಧಾನದ್ದ. ಒಲಿಂಪಿಕ್ಸಿನವರಿಗೆ ಜೋರು ಬ್ಯಾಡಾಗಿದ್ರ ನಿಮಗ್ಯಾಕ?

ಒಂದು ಮಾತು ಮರೀಬ್ಯಾಡ್ರಿ: ಈ ಸಣ್ಣ ಗುಂಡು ಒಂದೂವರೆ ಕಿಲೋಮೀಟರ್ ಹೋಗತೈತಿ. ಹೊಲದಾಗ ಬ್ಯಾಡ. ಲೈಸೆನ್ಸು, ರೇಂಜು, ಹಿಂದ ಮಣ್ಣಿನ ದಿಬ್ಬ, ಇವಿಲ್ಲದ ಬೋಲ್ಟ್ ಮುಚ್ಚಬ್ಯಾಡ್ರಿ.

ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ, ಗಂಟಿ ಒತ್ರಿ, ಬಾಗಲಕೋಟಿ ಗೆಳ್ಯಾರಿಗೂ ಕಳಸ್ರಿ. ಒಂದೇ ವೇಗರೀ, ಒಂದೇ ವೇಗ! ಬ್ಯಾರೆ ಏನೂ ಕೇಳಬ್ಯಾಡ್ರಿ. ಮುಂದಿನ ವಿಡಿಯೋದಾಗ ಬಿಸಲಿನ ಝಳ ನೋಡಿ ಗಾಳಿ ಅಳಿಯೂದು ಹೆಂಗ ಅಂತ ತೋರಸ್ತೇನಿ.