ಬಿಲ್ಲೆಯ ಬೆನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ತೊಗರಿ ರಾಶಿ ಮುಗಿಸಿ ಬಂದು ರೇಡಿಯೊ ಹಚ್ಚಿ ಕೂತವರು, ಹೊಲಿಗೆ ಮಷೀನಿನ ಮುಂದಿರುವ ತಾಯಂದಿರು, ಶಾಲೆ ಬಿಟ್ಟು ಬಂದ ಹುಡುಗರು, ನಿಮ್ಮೆಲ್ಲರನ್ನೂ ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತಿದ್ದೇನೆ. ಹೊಲಿಗೆ ಬಲ್ಲ ತಾಯಂದಿರು ಸ್ವಲ್ಪ ಹತ್ತಿರ ಬನ್ನಿ. ಇದು ನಿಮ್ಮ ವಿಷಯ.

ಗಗನಯಾತ್ರಿಗಳ ಎದೆಯ ಮೇಲೆ, ತೋಳಿನ ಮೇಲೆ ದಾರದಲ್ಲಿ ಕಸೂತಿ ಮಾಡಿದ ಬಿಲ್ಲೆ ಇರುತ್ತದಲ್ಲ, ಅದಕ್ಕೆ ಮಿಷನ್ ಪ್ಯಾಚ್ ಅನ್ನುತ್ತಾರೆ. ಒಂದೊಂದು ಯಾನಕ್ಕೆ ಒಂದೊಂದು ಬಿಲ್ಲೆ. ಹಳೆಯ ಬಿಲ್ಲೆಗಳನ್ನು ನಾನು ಮೂವತ್ತು ವರ್ಷದಿಂದ ಕೂಡಿಸುತ್ತ ಬಂದಿದ್ದೇನೆ. ಇವತ್ತು ನೀವು ಒಂದೇ ಮಾತು ನೆನಪಿಟ್ಟುಕೊಂಡರೆ ಸಾಕು. ಬಿಲ್ಲೆ ಕೈಗೆ ಬಂದ ಕೂಡಲೇ ತಿರುಗಿಸಿ, ಅದರ ಬೆನ್ನು ನೋಡಿ.

ನಮ್ಮ ತಂದೆಗೆ ಬೀದರಿನಲ್ಲಿ ಟೇಲರ್ ಅಂಗಡಿ ಇತ್ತು. ಬೀದರ್ ಅಂದರೆ ವಾಯುಪಡೆಯ ಊರು. ಆಕಾಶದಲ್ಲಿ ವಿಮಾನದ ಕಸರತ್ತು ತೋರಿಸುವ ಸೂರ್ಯಕಿರಣ ತಂಡ ಹುಟ್ಟಿದ್ದೂ ಅಲ್ಲೇ, 1996ರಲ್ಲಿ. ವಿಮಾನ ಕಲಿಯಲು ಬಂದ ಹುಡುಗರು ತಮ್ಮ ಹಾರಾಟದ ಅಂಗಿಗೆ ಬ್ಯಾಡ್ಜ್ ಹಚ್ಚಿಸಿಕೊಳ್ಳಲು ಅಂಗಡಿಗೆ ಬರುತ್ತಿದ್ದರು. ದಾರದ ಚುಂಗು ಕತ್ತರಿಸಿ ಕೊಡುವುದು ನನ್ನ ಕೆಲಸ. ಒಂದು ಅಂಗೈಯಗಲ ಬಟ್ಟೆಗೆ ಆ ಹುಡುಗರು ಕೊಡುತ್ತಿದ್ದ ಮರ್ಯಾದೆ ನೋಡಿಯೇ ಈ ಹುಚ್ಚು ಹತ್ತಿದ್ದು.

ಈಗ ಒಂದು ಘಟನೆ ಹೇಳುತ್ತೇನೆ. ಉದ್ದ ಇದೆ, ಆದರೆ ಇದನ್ನು ಬಿಟ್ಟರೆ ನನ್ನ ಮಾತಿಗೆ ಬೆಲೆಯೇ ಇಲ್ಲ.

ಕಲಬುರಗಿಗೆ ಬಂದು ನೆಲೆಸಿದ ಮೇಲೆ ಒಮ್ಮೆ ಹೈದರಾಬಾದಿನ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಅಲ್ಲೊಬ್ಬ ಅಪೊಲೊ 11ರ, ಅಂದರೆ ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಇಳಿದ ಯಾನದ ಬಿಲ್ಲೆ ತೋರಿಸಿದ. ಚಂದ್ರನ ಮೇಲೆ ಇಳಿಯುವ ಹದ್ದು, ಉಗುರುಗಳಲ್ಲಿ ಆಲಿವ್ ಟೊಂಗೆ, ಹಿಂದೆ ನೀಲಿ ಭೂಮಿ. ಬಣ್ಣ ಮಾಸಿ ಕಂದುಗಟ್ಟಿತ್ತು. 1969ರದ್ದೇ ಅಂತ ಆಣೆ ಮಾಡಿದ. ಎರಡು ಸಾವಿರ ರೂಪಾಯಿ ಎಣಿಸಿ ಕೊಟ್ಟು, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಜೇಬು ಹಿಡಿದುಕೊಂಡೇ ಬಂದೆ.

ಮರುದಿನ ಓಣಿಯ ಪರಿಚಯದವರ ದಾರದ ಅಂಗಡಿಯಲ್ಲಿ ಅದನ್ನು ತೋರಿಸುತ್ತ ನಿಂತಿದ್ದೆ. ತಾಂಡಾದಿಂದ ದಾರ, ಕವಡೆ, ಕನ್ನಡಿ ಬಿಲ್ಲೆ ಕೊಳ್ಳಲು ಒಬ್ಬ ಲಂಬಾಣಿ ಮುದುಕಿ ಬಂದಿದ್ದಳು. ಮೈಮೇಲಿನ ಕುಪ್ಪಸದ ಕಸೂತಿ ಅವಳದೇ ಕೈಯದು. "ಕೊಡ್ರಿ ನೋಡ್ತೀನಿ" ಅಂದಳು. ಕೊಟ್ಟೆ. ಹದ್ದಿನ ಕಡೆ ಅವಳು ಕಣ್ಣು ಸಹ ಹಾಯಿಸಲಿಲ್ಲ, ನೇರ ತಿರುಗಿಸಿದಳು. "ಮಾರಿ ಏನ್ ನೋಡ್ತೀರಿ ಸರ್, ಮಾರಿ ಎಲ್ಲಾರೂ ತೊಳಕೋತಾರ. ಬೆನ್ನ ನೋಡ್ರಿ" ಅಂದಳು.

ನೋಡಿದೆ. ಬಿಸಿಲಿಗೆ ಮಾಸಿದ ಬಟ್ಟೆಯ ಮುಖ ಮಾಸುತ್ತದೆ, ಬೆನ್ನಿನ ದಾರದ ಬಣ್ಣ ಹಾಗೇ ಉಳಿಯುತ್ತದೆ. ಇದರಲ್ಲಿ ಮುಂದೂ ಹಿಂದೂ ಒಂದೇ ಕಂದು. "ಚಾದಾಗ ಅದ್ದ್ಯಾರ್ರೀ" ಅಂದಳು. ಅಂಚಿನಿಂದ ಒಂದು ಎಳೆ ಬಿಚ್ಚಿ, ಕಡ್ಡಿ ಗೀರಿ ಹಿಡಿದಳು. ರೇಯಾನ್ ದಾರವಾಗಿದ್ದರೆ ಹತ್ತಿಯ ಹಾಗೆ ಉರಿದು ಬೂದಿಯಾಗಬೇಕಿತ್ತು. ಇದು ಮುದುರಿಕೊಂಡು ಗಟ್ಟಿ ಮಣಿಯಾಯಿತು, ಅಂದರೆ ಪಾಲಿಸ್ಟರ್. ಆ ಕಾಲದ ಬಿಲ್ಲೆಗಳ ಹೊಳಪು ರೇಯಾನಿನದು. ಅವಳು ಬಿಲ್ಲೆ ನನ್ನ ಕೈಗಿಟ್ಟು, ತನ್ನ ದಾರದ ಉಂಡೆ ತಗೊಂಡು ಹೋದಳು. ಹೆಸರು ಕೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಕೊರಗು. ಆ ಬಿಲ್ಲೆ ಈಗಲೂ ನನ್ನ ಮೇಜಿನ ಮೇಲಿದೆ, ಬೆನ್ನು ಮೇಲಾಗಿ. (ನೀವು ಮಾತ್ರ ಕಡ್ಡಿ ಗೀರಲು ಹೋಗಬೇಡಿ. ಒಳ್ಳೆಯ ಬಿಲ್ಲೆ ಸುಟ್ಟರೆ ಮತ್ತೆ ಸಿಗುವುದಿಲ್ಲ.)

ಆ ಹದ್ದಿನ ಚಿತ್ರ ಬರೆದವರು ಅದೇ ಯಾನದ ಮೈಕೆಲ್ ಕಾಲಿನ್ಸ್. ಹಕ್ಕಿಗಳ ಪುಸ್ತಕದ ಮೇಲೆ ತೆಳು ಕಾಗದ ಇಟ್ಟು ತಿದ್ದಿ ತೆಗೆದರು, ನೀವು ಸೆರಗಿಗೆ ನಮೂನೆ ಇಳಿಸಿಕೊಳ್ಳುತ್ತೀರಲ್ಲ, ಹಾಗೇ. ಮೊದಲು ಟೊಂಗೆ ಹದ್ದಿನ ಕೊಕ್ಕಿನಲ್ಲಿತ್ತು. ಬರಿ ಉಗುರು ಕ್ರೂರವಾಗಿ ಕಾಣುತ್ತದೆ ಅಂತ ಟೊಂಗೆಯನ್ನು ಉಗುರಿಗೆ ಇಳಿಸಿದರು. ಬಿಲ್ಲೆ ಯಾನಕ್ಕಾಗಿ ದುಡಿದ ಸಾವಿರಾರು ಜನರದ್ದೂ ಆಗಲಿ ಅಂತ, ಯಾನಕ್ಕೆ ಹೋದ ಮೂವರೂ ತಮ್ಮ ಹೆಸರು ಹಾಕಿಸಲಿಲ್ಲ. ಹೆಸರಿರುವ ಅಪೊಲೊ 11 ಬಿಲ್ಲೆ ಯಾರಾದರೂ ತೋರಿಸಿದರೆ ಅದು ಆ ಮೂವರು ಒಪ್ಪಿದ ಬಿಲ್ಲೆ ಅಲ್ಲ.

"ಇದು ಚಂದ್ರನ ಮೇಲೆ ನಡೆದವರ ಅಂಗಿಯಿಂದ ಬಿಚ್ಚಿದ ಕಸೂತಿ ಬಿಲ್ಲೆ" ಅಂತ ಮಾರುವವರಿದ್ದಾರೆ. ಇದನ್ನು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. 1967ರ ಜನವರಿ 27ರಂದು ಅಪೊಲೊ 1ರ ನೌಕೆ ನೆಲದ ಮೇಲೆಯೇ ಬೆಂಕಿ ಹತ್ತಿ ಮೂವರು ತೀರಿಕೊಂಡರು. ಆಮೇಲೆ ಬೆಂಕಿ ಹತ್ತುವ ಬಟ್ಟೆಯನ್ನೆಲ್ಲ ದೂರ ಇಟ್ಟರು. ಚಂದ್ರನ ಮೇಲಿನ ಅಂಗಿಗೆ ಹಚ್ಚಿದ ಬಿಲ್ಲೆ ಬೀಟಾ ಬಟ್ಟೆಯದು. ಗಾಜಿನ ಎಳೆಯಿಂದ ನೇಯ್ದು ಟೆಫ್ಲಾನ್ ಹಚ್ಚಿದ ಬಟ್ಟೆ, ಅದರ ಮೇಲೆ ಚಿತ್ರ ಅಚ್ಚೊತ್ತಿದ್ದು. ಅದರಲ್ಲಿ ದಾರದ ಕೆಲಸವೇ ಇಲ್ಲ.

ಸಮಯ ಓಡುತ್ತಿದೆ. ಬೆನ್ನಿನಲ್ಲಿ ಇನ್ನೇನು ನೋಡಬೇಕು, ಬೇಗ ಹೇಳುತ್ತೇನೆ. ಹೊಳೆಯುವ ಪ್ಲಾಸ್ಟಿಕ್ ಪದರ ಇದ್ದರೆ ಮೊದಲು ಅನುಮಾನಪಡಿ. ದುಂಡು ಬಿಲ್ಲೆಗೆ ಓವರ್‌ಲಾಕಿನ ಹಾಗೆ ದಪ್ಪ ಅಂಚು ಇರುತ್ತದೆ, ಅದು ಮೆರೋ ಅಂಚು. ಅದರ ದಾರದ ಬಾಲ ಹಿಂದೆ ಮಡಚಿ ಅಂಟಿಸಿರುತ್ತಾರೆ, ಹುಡುಕಿ. ಮೂಲೆ, ಕೊಂಕು ಇರುವ ಬಿಲ್ಲೆಗೆ ಆ ಅಂಚು ಕೂರುವುದಿಲ್ಲ, ಹೊಲಿದು ಕತ್ತರಿಸುತ್ತಾರೆ. ಕಲ್ಪನಾ ಚಾವ್ಲಾ ಅವರ ಕೊನೆಯ ಯಾನದ್ದು, 2003ರದ್ದು, ನೌಕೆಯ ಆಕಾರದಲ್ಲೇ ಇದೆ. ಹಳೆಯವು ಷಿಫ್ಲಿ ಎಂಬ ಕಸೂತಿ ಯಂತ್ರದವು. ಷಿಫ್ಲಿ ಅಂದರೆ ಸ್ವಿಸ್ ಮಾತಿನಲ್ಲಿ ಪುಟ್ಟ ದೋಣಿ, ಅದರ ಲಾಳಿ ಹಾಗಿರುತ್ತದೆ. 1970ರ ದಶಕದಿಂದ ನಾಸಾದ ಬಿಲ್ಲೆ ಹೆಣೆದವರು ಅಮೆರಿಕದ ಉತ್ತರ ಕೆರೊಲಿನಾದ ವೀವರ್‌ವಿಲ್ ಎಂಬ ಸಣ್ಣ ಊರಿನ ಎ-ಬಿ ಎಂಬ್ಲೆಮ್ ಕಂಪನಿಯವರು.

ಅಪೊಲೊಗಿಂತ ಮುಂಚಿನ ಜೆಮಿನಿ 5 ಎಂಬ ಯಾನದ ಕಥೆ ಪೂರ್ತಿ ಹೇಳುವ ಆಸೆಯಿತ್ತು. 1965ರಲ್ಲಿ ಆ ಬಿಲ್ಲೆಯ ಮೇಲೆ "ಎಂಟು ದಿನ, ಇಲ್ಲವೇ ಸೋಲು" ಅನ್ನುವ ಅರ್ಥದ ಮಾತಿತ್ತು. ನಾಸಾದ ಮುಖ್ಯಸ್ಥರು ಒಪ್ಪಲಿಲ್ಲ. ಗಗನಯಾತ್ರಿಗಳು ಆ ಮಾತಿನ ಮೇಲೆ ಒಂದು ತುಂಡು ಬಟ್ಟೆ ಹೊಲಿದು ಮುಚ್ಚಿಯೇ ಹೋದರು, ಹೆಚ್ಚುಕಡಿಮೆ ಎಂಟು ದಿನ ಇದ್ದೇ ಬಂದರು. ಉಳಿದದ್ದು ಇನ್ನೊಮ್ಮೆ.

ಇಟ್ಟುಕೊಳ್ಳುವ ಬಗ್ಗೆ: ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಗೋಡೆಗೆ ಹಾಕಬೇಡಿ. ತೊಳೆಯಬೇಡಿ. ಅಂಟಿನ ಆಲ್ಬಮ್ಮಿನಲ್ಲಿ ಅಂಟಿಸಬೇಡಿ, ಬೆನ್ನು ಹಾಳಾದರೆ ಸಾಕ್ಷಿಯೇ ಹೋಯಿತು.

ಬೀದರಿನಲ್ಲಿ ವಾಯುಪಡೆಯಿಂದ ನಿವೃತ್ತರಾದವರ ಮನೆಗಳಿವೆ. ನಿಮ್ಮ ಟ್ರಂಕಿನಲ್ಲಿ ಅಪ್ಪನ, ಅಜ್ಜನ ಅಂಗಿ ಇರಬಹುದು. ಅದರ ಬಿಲ್ಲೆ ಬಿಚ್ಚಬೇಡಿ. ಯಾರದು, ಯಾವ ವರ್ಷದ್ದು ಅಂತ ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗೆ ಹಾಕಿ. ಇವತ್ತೇ ಬರೆಯಿರಿ, ಹೇಳುವವರು ಮನೆಯಲ್ಲಿ ಇರುವಾಗಲೇ.

ನಮಸ್ಕಾರ.