ಕಾಡಿನ ಆವಿ, ಮರುಭೂಮಿಯ ಧೂಳು

ಕೇಳುಗರೆ, ನಮಸ್ಕಾರ.

ಬಿಸಿಲಿಗೆ ಕಾದ ಎಲೆಗಳಿಂದ ಐಸೊಪ್ರೀನ್ ಎಂಬ ಅನಿಲ ಹೊರಬರುತ್ತದೆ. ಐದು ಇಂಗಾಲ ಮತ್ತು ಎಂಟು ಜಲಜನಕ ಪರಮಾಣುಗಳಿಂದಾದ ಈ ಪುಟ್ಟ ಅಣುವನ್ನು ಜಗತ್ತಿನ ಸಸ್ಯಗಳು ವರ್ಷಕ್ಕೆ ಸುಮಾರು 50 ಕೋಟಿ ಟನ್ನಿನಷ್ಟು ಗಾಳಿಗೆ ಬಿಡುತ್ತವೆಂಬುದು ವಿಜ್ಞಾನಿಗಳ ಅಂದಾಜು. ಪೈನ್ ಮರದ ಪರಿಮಳದಲ್ಲಿರುವ ಪೈನೀನ್, ಕಿತ್ತಳೆಯ ಸಿಪ್ಪೆಯಲ್ಲಿರುವ ಲಿಮೊನೀನ್ ಇದರ ಹತ್ತಿರದ ಬಂಧುಗಳು. ನಮ್ಮಲ್ಲಿ ಎಲ್ಲೆಡೆ ನೆಟ್ಟಿರುವ ನೀಲಗಿರಿ ಮರವೂ ಇಂತಹ ಆವಿಗಳನ್ನು ಧಾರಾಳವಾಗಿ ಸೂಸುತ್ತದೆ.

ಈ ಆವಿಯ ಅತಿದೊಡ್ಡ ಮೂಲಗಳಲ್ಲೊಂದು ಅಮೆಜಾನ್ ಕಾಡು. ಆಫ್ರಿಕದ ಚಾಡ್ ದೇಶದಲ್ಲಿ, ಒಣಗಿಹೋದ ಪುರಾತನ ಸರೋವರದ ತಳವಾದ ಬೊಡೆಲೆ ಎಂಬ ತಗ್ಗುನೆಲದಿಂದಲೂ ಸಹಾರಾದ ಇತರ ಭಾಗಗಳಿಂದಲೂ ಎದ್ದ ಧೂಳು, ವರ್ಷದ ಮೊದಲ ತಿಂಗಳುಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಇದೇ ಕಾಡಿನ ಮೇಲೆ ಇಳಿಯುತ್ತದೆ. ಆ ಧೂಳು ಕಾಡಿಗೆ ರಂಜಕವನ್ನು ಒದಗಿಸುವ ಸಂಗತಿ ಸಾಕಷ್ಟು ಪ್ರಚಾರ ಪಡೆದಿದೆ. ಧೂಳಿನ ಕಣದ ಮೇಲ್ಮೈಯಲ್ಲಿ ನಡೆಯುವ ರಸಾಯನಕ್ರಿಯೆಯೂ ಅಷ್ಟೇ ಗಮನಕ್ಕೆ ಅರ್ಹವೆಂದು ನನ್ನ ಭಾವನೆ.

ಎಲೆಯಿಂದ ಆಗಷ್ಟೇ ಹೊರಬಂದ ಐಸೊಪ್ರೀನ್ ಧೂಳಿಗೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ಆದರೆ ಹಗಲಿನ ಗಾಳಿಯಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಕ್ರಿಯಾಶೀಲ ಕಣವು ಒಂದೆರಡು ಗಂಟೆಗಳಲ್ಲೇ ಅದರ ಮೇಲೆರಗಿ, ಅದನ್ನು ಮೆಥಾಕ್ರೊಲೀನ್, ಮೀಥೈಲ್ ವಿನೈಲ್ ಕೀಟೋನ್ ಮುಂತಾದ, ಆಮ್ಲಜನಕವನ್ನು ಒಳಗೊಂಡ ಸಂಯುಕ್ತಗಳಾಗಿ ಮಾರ್ಪಡಿಸುತ್ತದೆ. ಧೂಳಿನೊಡನೆ ನಂಟು ಬೆಳೆಸುವುದು ಮುಖ್ಯವಾಗಿ ಈ ಎರಡನೆಯ ತಲೆಮಾರು. ಬೆಣಚುಕಲ್ಲಿನ ಪುಡಿಯ ಮೇಲೆ ಇಂತಹ ಅಣುಗಳು ಜಲಜನಕ ಬಂಧದಿಂದ ಸಡಿಲವಾಗಿ ಕುಳಿತು ಮತ್ತೆ ಎದ್ದುಹೋಗಬಲ್ಲವು. ಜೇಡಿಖನಿಜಗಳಲ್ಲಿಯೂ ಅಲ್ಯುಮಿನಿಯಂ ಆಕ್ಸೈಡಿನಲ್ಲಿಯೂ ಇರುವ ಆಮ್ಲೀಯ ತಾಣಗಳಲ್ಲಿಯಾದರೋ ಅವು ಒಂದಕ್ಕೊಂದು ಬೆಸೆದುಕೊಂಡು ಹಿರಿಯ ಅಣುಗಳಾಗಿ, ಮರಳಿ ಗಾಳಿ ಸೇರದಂತೆ ಅಲ್ಲಿಯೇ ಉಳಿಯಬಲ್ಲವು. ಹೀಗಾಗಿ ಧೂಳು ಎಂಬ ಒಂದೇ ಹೆಸರಿನಡಿ ಎಲ್ಲ ಕಣಗಳನ್ನೂ ಸೇರಿಸಿ ಲೆಕ್ಕ ಹಾಕುವುದು ಸರಿಯಾಗದು.

ಇಲ್ಲಿ ನೀರಿನ ಪಾತ್ರ ಬಹಳ ದೊಡ್ಡದು. ಸಾಧಾರಣ ಆರ್ದ್ರತೆಯ ಗಾಳಿಯಲ್ಲಿಯೂ ಪ್ರತಿ ಕಣದ ಮೇಲೆ ಕೆಲವೇ ಅಣುಗಳಷ್ಟು ದಪ್ಪದ ನೀರಿನ ಪೊರೆ ಇರುತ್ತದೆ. ಆ ನೀರು ಸಾವಯವ, ಅಂದರೆ ಇಂಗಾಲವನ್ನು ಆಧರಿಸಿದ, ಅಣುಗಳಿಗೆ ಬೇಕಾದ ತಾಣಗಳನ್ನು ತಾನೇ ಆಕ್ರಮಿಸಿಕೊಳ್ಳಬಹುದು. ನೀರಿನಲ್ಲಿ ಕರಗುವ ಅಣುಗಳನ್ನು ಬರಮಾಡಿಕೊಳ್ಳಲೂಬಹುದು. ಧೂಳಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ, ಇದೇ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಅವು ಮೇಲ್ಮೈಯಲ್ಲಿ ಕುಳಿತ ಸಾವಯವ ಅಣುಗಳನ್ನು ಆಮ್ಲಗಳಾಗಿಯೂ, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯಬಲ್ಲವು. ಆದ್ದರಿಂದ ಪ್ರಯೋಗಾಲಯದ ಕತ್ತಲೆಯಲ್ಲಿ, ಒಣ ಪುಡಿಯ ಮೇಲೆ ಈ ಕ್ರಿಯೆಗಳನ್ನು ಅಳೆದು ಪಡೆದ ಅಂಕಿಯನ್ನು ಹಗಲಿನ ತೇವಭರಿತ ಆಕಾಶಕ್ಕೆ ನೇರವಾಗಿ ಅನ್ವಯಿಸಲಾಗದು.

ಸುಣ್ಣಕಲ್ಲಿನ ಅಂಶವುಳ್ಳ ಧೂಳಿನ ಮೇಲೆ ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲಗಳು ಕ್ಯಾಲ್ಸಿಯಂ ಲವಣಗಳಾಗುತ್ತವೆ. ಈ ಲವಣಗಳು ಸುಣ್ಣಕಲ್ಲಿಗಿಂತ ಸುಲಭವಾಗಿ ನೀರನ್ನು ಹಿಡಿದುಕೊಳ್ಳುವುದರಿಂದ, ಅಂತಹ ಕಣಗಳ ಮೇಲೆ ಮೋಡದ ಹನಿ ಮೂಡುವುದು ಸುಲಭವಾಗುತ್ತದೆ.

ಮುಂಗಾರಿಗೆ ತುಸು ಮುನ್ನ ಮತ್ತು ಮುಂಗಾರಿನ ದಿನಗಳಲ್ಲಿ ಅರೇಬಿಯಾದ ಮರಳುಗಾಡಿನ ಧೂಳು ಅರಬ್ಬೀ ಸಮುದ್ರದ ಮೇಲೆ ಪೂರ್ವಕ್ಕೆ ಸಾಗಿಬರುತ್ತದೆ. ಅದರ ಎದುರಿಗಿರುವುದು ಪಶ್ಚಿಮಘಟ್ಟದ ಕಾಡು. ಅಲ್ಲಿ ಮರಗಳ ಆವಿ, ಧೂಳಿನ ಖನಿಜ, ಗಾಳಿಯ ತೇವ, ಬಿಸಿಲು ಈ ನಾಲ್ಕನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಹಲವು ಋತುಗಳ ಕಾಲ ಅಳೆಯಬೇಕೆಂದು ನಾನು ಮನಸಾರೆ ಬಯಸುತ್ತೇನೆ.